ಬಾಳೆತೋಟದ ಗೆಳೆಯರು ಮತ್ತೆ ಸಿಗೋದು ಎಲ್ಲಿ? ವರ್ಕಿಂಗ್ ಹಾಲಿಡೇ ವೀಸಾ ಮತ್ತು ಮರುಭೇಟಿಯ ಲೆಕ್ಕ

(ಪಾಡ್‌ಕಾಸ್ಟ್ ಕಂತಿನ ಬರಹರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಎಂದಿನಂತೆ ಶಂಕರಘಟ್ಟದಿಂದ, ಕುವೆಂಪು ವಿಶ್ವವಿದ್ಯಾಲಯದ ಗೇಟಿನಿಂದ ಕೂಗಳತೆ ದೂರದಲ್ಲಿ ಕೂತು ಮಾತಾಡ್ತಿದ್ದೀನಿ. ಹಿಂದಿನ ಎರಡು ಕಂತಲ್ಲಿ ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ವೀಸಾ ಬಗ್ಗೆ ಹೇಳಿದ್ದೆ. ಅದಾದ ಮೇಲೆ ಬಂದ ಮೆಸೇಜುಗಳಲ್ಲಿ ಅರ್ಧದಷ್ಟು ಒಂದೇ ಪ್ರಶ್ನೆ: "ಅಲ್ಲಿ ಸಿಕ್ಕ ಫ್ರೆಂಡ್ಸ್ ಜೊತೆ ಮತ್ತೆ ಸೇರೋದು ಹೇಗೆ? ಒಬ್ಬರು ಡಾರ್ವಿನ್, ಒಬ್ಬರು ಮೆಲ್ಬರ್ನ್, ಇನ್ನೊಬ್ಬರ ವೀಸಾ ಮುಗೀತಾ ಬಂದಿದೆ." ಇದೇನು ದೊಡ್ಡ ವಿಷಯ, ಫೋನ್ ಮಾಡಿ ಟಿಕೆಟ್ ಬುಕ್ ಮಾಡಿದ್ರಾಯ್ತು ಅನ್ನಿಸಬಹುದು. ಆದರೆ ಅಲ್ಲಿ ಪ್ರತಿಯೊಬ್ಬರ ಕೈಗೂ ಬೇರೆ ಬೇರೆ ಗಡಿಯಾರ ಕಟ್ಟಿರ್ತಾರೆ. ಆ ಗಡಿಯಾರ ಹೇಗೆ ಓಡುತ್ತೆ ಅಂತ ಗೊತ್ತಿಲ್ಲದೆ ಪ್ಲಾನ್ ಮಾಡಿದರೆ, ಯಾರೋ ಒಬ್ಬರ ಎರಡನೇ ವರ್ಷದ ವೀಸಾನೇ ಕೈತಪ್ಪಬಹುದು.

ಮೊದಲು ಹೊಸ ಕೇಳುಗರಿಗೆ ಚುಟುಕಾಗಿ. ಭಾರತ ಮತ್ತು ಆಸ್ಟ್ರೇಲಿಯಾ ನಡುವಿನ ಆರ್ಥಿಕ ಸಹಕಾರ ಮತ್ತು ವ್ಯಾಪಾರ ಒಪ್ಪಂದಕ್ಕೆ 2022ರ ಏಪ್ರಿಲ್ 2ರಂದು ಸಹಿ ಬಿತ್ತು, ಅದೇ ವರ್ಷ ಡಿಸೆಂಬರ್ 29ಕ್ಕೆ ಜಾರಿಗೆ ಬಂತು. ಅದರಲ್ಲಿ ಒಂದು ಸಣ್ಣ ಬಾಬ್ತು: ವರ್ಷಕ್ಕೆ 1,000 ಭಾರತೀಯ ಯುವಕ ಯುವತಿಯರಿಗೆ 462 ಅನ್ನೋ ವರ್ಗದ ವೀಸಾ. ವಯಸ್ಸು 18ರಿಂದ 30. ಪಿಯುಸಿ ನಂತರ ಕನಿಷ್ಠ ಎರಡು ವರ್ಷ ಓದು ಮುಗಿಸಿರಬೇಕು, ಸಾಧಾರಣ ಇಂಗ್ಲಿಷ್ ಬರಬೇಕು, ಖಾತೆಯಲ್ಲಿ ಸುಮಾರು 5,000 ಆಸ್ಟ್ರೇಲಿಯನ್ ಡಾಲರ್ ತೋರಿಸಬೇಕು. 12 ತಿಂಗಳು ಅಲ್ಲಿರಬಹುದು, ದುಡಿಯಬಹುದು, ತಿರುಗಾಡಬಹುದು. ಒಬ್ಬ ಮಾಲೀಕನ ಹತ್ತಿರ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಇರೋ ಹಾಗಿಲ್ಲ. ಕೆಲವು ವಿನಾಯಿತಿ ಇವೆ.

1,000 ಜಾಗಕ್ಕೆ ಲಾಟರಿ. ಮೊದಲ ಬ್ಯಾಲಟ್ ನೋಂದಣಿ ನಡೆದದ್ದು 2024ರ ಅಕ್ಟೋಬರ್ ತಿಂಗಳಿಡೀ, ಶುಲ್ಕ 25 ಡಾಲರ್. ಮೊದಲ ಎರಡು ವಾರದಲ್ಲೇ ಸುಮಾರು 40,000 ಜನ ಹೆಸರು ಹಾಕಿದ್ದಾರೆ ಅಂತ ಅಲ್ಲಿನ ಸರ್ಕಾರ ಹೇಳಿತ್ತು. ಅಷ್ಟಕ್ಕೇ ನಿಂತಿತ್ತು ಅಂತಿಟ್ಕೊಂಡರೂ 40ಕ್ಕೆ ಒಬ್ಬರು. ನೀವು ಮತ್ತು ನಿಮ್ಮ ಹಾಸ್ಟೆಲ್ ರೂಮ್‌ಮೇಟ್ ಇಬ್ಬರೂ ಒಟ್ಟಿಗೆ ಹೋಗೋ ಸಾಧ್ಯತೆ? 40ನ್ನ 40ರಿಂದ ಗುಣಿಸಿ, 1,600ಕ್ಕೆ ಒಂದು. ಬಿಕಾಂನಲ್ಲಿ ಓದಿದ ಸಂಖ್ಯಾಶಾಸ್ತ್ರ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಇದೊಂದೇ ಸಲ.

ಈ ಲೆಕ್ಕದ ಪರಿಣಾಮ ಏನು ಗೊತ್ತಾ? ಭಾರತದಿಂದ ಹೋದವರು ಬಹುಪಾಲು ಒಬ್ಬಂಟಿಯಾಗಿ ಹೋಗ್ತಾರೆ. ಜರ್ಮನಿಯವರೋ ಫ್ರಾನ್ಸಿನವರೋ ಜೋಡಿಯಾಗಿ, ಗುಂಪಾಗಿ ಬರ್ತಾರೆ. ಅವರಿಗೆ ಲಾಟರಿ ಇಲ್ಲ, ಮಿತಿ ಇಲ್ಲ. ನಮಗೆ ಸಿಗೋ ಸಂಗಾತಿಗಳೆಲ್ಲ ಅಲ್ಲೇ, ಹಾಸ್ಟೆಲ್‌ನ ಬಂಕ್ ಬೆಡ್ಡಿನ ಮೇಲೆ ಕೆಳಗೆ ಸಿಕ್ಕವರು. ಅದಕ್ಕೇ ಅವರು ಕಳೆದುಹೋದರೆ ನಮಗೆ ಹೆಚ್ಚು ನಷ್ಟ.

ನಾನಿದ್ದದ್ದು ಉತ್ತರ ಕ್ವೀನ್ಸ್‌ಲೆಂಡಿನ ಟಲ್ಲಿ ಅನ್ನೋ ಊರಲ್ಲಿ. ಬಾಳೆತೋಟದ ಊರು. ಆಸ್ಟ್ರೇಲಿಯಾದ ಬಾಳೆಹಣ್ಣಿನ ಬಹುಪಾಲು ಆ ಕರಾವಳಿ ಪಟ್ಟಿಯಲ್ಲೇ ಬೆಳೆಯೋದು. ಮಳೆ ಬಗ್ಗೆ ನಾವು ಆಗುಂಬೆಯವರ ಹತ್ತಿರ ಜಂಬ ಕೊಚ್ಚಿಕೊಳ್ಳೋದು ಕಷ್ಟ ಅಲ್ವಾ, ಟಲ್ಲಿಯವರ ಹತ್ತಿರವೂ ಅಷ್ಟೇ. 1950ರಲ್ಲಿ ಅಲ್ಲಿ ಬಿದ್ದ ಮಳೆ 7.9 ಮೀಟರ್. ಅದರ ನೆನಪಿಗೆ ಊರಲ್ಲಿ ಅಷ್ಟೇ ಎತ್ತರದ ಒಂದು ಗಮ್‌ಬೂಟ್ ನಿಲ್ಲಿಸಿದ್ದಾರೆ. ನಮ್ಮ ಕೋಣೆಯಲ್ಲಿ ನಾನು, ಇಂಗ್ಲೆಂಡಿನ ಲೀಡ್ಸ್‌ನ ಹುಡುಗ ಒಬ್ಬ, ಪಕ್ಕದ ಕೋಣೆಯಲ್ಲಿ ತೈವಾನಿನ ಹುಡುಗಿ. ಬೆಳಗ್ಗೆ ಆರಕ್ಕೆ ವ್ಯಾನ್, ಸಂಜೆ ನಾಲ್ಕಕ್ಕೆ ವಾಪಸ್, ಆಮೇಲೆ ಮೂವರಿಗೂ ಸೇರಿ ಒಂದು ಪಾತ್ರೆ ಅನ್ನ.

ಈಗ ಗಡಿಯಾರದ ವಿಷಯಕ್ಕೆ ಬರೋಣ. ನಾವು ಮೂವರೂ ಒಂದೇ ತೋಟದಲ್ಲಿ ಒಂದೇ ಕೆಲಸ ಮಾಡ್ತಿದ್ವಿ, ಆದರೆ ಕಾರಣ ಬೇರೆ ಬೇರೆ. 462 ವೀಸಾದವರು ಎರಡನೇ ವರ್ಷ ಬೇಕಂದರೆ ಮೊದಲ ವರ್ಷದಲ್ಲೇ ಮೂರು ತಿಂಗಳು "ನಿರ್ದಿಷ್ಟ ಕೆಲಸ" ಮಾಡಿರಬೇಕು. ಅಂದರೆ ಸರ್ಕಾರ ಗುರುತಿಸಿದ ಪ್ರದೇಶಗಳಲ್ಲಿ ಕೃಷಿ, ಉತ್ತರದ ಮತ್ತು ದೂರದ ಊರುಗಳಲ್ಲಿ ಹೋಟೆಲ್-ಪ್ರವಾಸೋದ್ಯಮ ಇತ್ಯಾದಿ. ಹಾಸ್ಟೆಲ್ ಭಾಷೆಯಲ್ಲಿ ಇದನ್ನ "88 ದಿನ" ಅಂತಾರೆ. ತೈವಾನಿನವರದ್ದು 417 ಅನ್ನೋ ಇನ್ನೊಂದು ವರ್ಗ, ಅವರಿಗೂ 88 ದಿನ ಬೇಕು. ಬ್ರಿಟನ್ನಿನವರಿಗೆ? 2024ರ ಜುಲೈ 1ರಿಂದ ಏನೂ ಬೇಡ. ಮೂರು ವೀಸಾ, ಮೂರು ವರ್ಷ, ತೋಟದ ಮುಖ ನೋಡದೆ ಸಿಗುತ್ತೆ, 35 ವಯಸ್ಸಿನವರೆಗೆ. ಲೀಡ್ಸ್‌ನ ಹುಡುಗ ಟಲ್ಲಿಗೆ ಬಂದದ್ದು ದುಡ್ಡಿಗೆ, ಬೇಜಾರಾದಾಗ ಹೊರಟ. ನಾವಿಬ್ಬರು ದಿನ ಎಣಿಸ್ತಾ ಉಳಿದ್ವಿ.

ಇಲ್ಲೇ ಮರುಭೇಟಿಯ ಮೊದಲ ತೊಡಕು. ಮೆಲ್ಬರ್ನಿಗೆ ಹೋದ ಗೆಳೆಯ "ಒಂದು ವಾರ ಬಾ" ಅಂತ ಕರೀತಾನೆ. ಅವನಿಗೆ ಒಂದು ವಾರ ಅಂದರೆ ಒಂದು ವಾರ. ನಮಗೆ? ಕ್ಯಾಶುಯಲ್ ಕೆಲಸಗಾರರಿಗೆ ಸಂಬಳದ ರಜೆ ಇಲ್ಲ, ರಜೆ ಹಾಕಿದ ದಿನ 88ರಲ್ಲಿ ಸೇರಲ್ಲ. ಪೂರ್ಣಾವಧಿ ದುಡಿದ ವಾರದ ಶನಿವಾರ ಭಾನುವಾರ ಲೆಕ್ಕಕ್ಕೆ ಬರುತ್ತೆ, ಅರ್ಧಕ್ಕೆ ಬಿಟ್ಟ ವಾರದ್ದು ಬರೋದು ಕಷ್ಟ. ದುಡ್ಡಿನ ಲೆಕ್ಕವೂ ಹಾಕೋಣ. 2025ರ ಜುಲೈಯಿಂದ ಅಲ್ಲಿನ ರಾಷ್ಟ್ರೀಯ ಕನಿಷ್ಠ ವೇತನ ಗಂಟೆಗೆ 24.95 ಡಾಲರ್. ಕ್ಯಾಶುಯಲ್ ಆದರೆ ಅದರ ಮೇಲೆ ಶೇ 25, ಅಂದರೆ 31.19. ವಾರಕ್ಕೆ 38 ಗಂಟೆ ಅಂದರೆ 1,185 ಡಾಲರ್. ವರ್ಕಿಂಗ್ ಹಾಲಿಡೇ ವೀಸಾದವರಿಗೆ ಮೊದಲ ಡಾಲರಿನಿಂದಲೇ ಶೇ 15 ತೆರಿಗೆ, 45,000 ಡಾಲರ್ ಆದಾಯದವರೆಗೆ. ಕೈಗೆ ಬರೋದು ಸುಮಾರು 1,007. ಅಂದರೆ ವಿಮಾನ, ಹಾಸ್ಟೆಲ್, ಊಟ ಇದ್ಯಾವುದೂ ಸೇರಿಸದೆ ಒಂದು ವಾರದ ಗೆಳೆತನದ ಬೆಲೆ ಐವತ್ತು ಸಾವಿರ ರೂಪಾಯಿಗಿಂತ ಹೆಚ್ಚು. ಹೋಗಬೇಡಿ ಅಂತ ಹೇಳ್ತಿಲ್ಲ. 88 ಮುಗಿಸಿ ಹೋಗಿ ಅಂತ ಹೇಳ್ತಿದ್ದೀನಿ. ಕರೆಯೋರಿಗೂ ಇದನ್ನ ಬಿಡಿಸಿ ಹೇಳಿ, ಇಲ್ಲಾಂದ್ರೆ "ದುಡ್ಡಿನ ಹಿಂದೆ ಬಿದ್ದಿದ್ದಾನೆ" ಅಂದ್ಕೋತಾರೆ. ಬ್ರಿಟನ್ನಿನವರಿಗೆ ನಮ್ಮ ನಿಯಮ ಗೊತ್ತೇ ಇರಲ್ಲ, ಅವರ ತಪ್ಪೂ ಅಲ್ಲ.

ಹಾಗಾದರೆ ಎಲ್ಲಿ, ಯಾವಾಗ? ನನ್ನ ಅನುಭವದಲ್ಲಿ ಕ್ಯಾಲೆಂಡರ್ ನೋಡಬೇಡಿ, ಕೊಯ್ಲು ನೋಡಿ. ನಮ್ಮಲ್ಲಿ ಅಡಿಕೆ ಕೊಯ್ಯೋ ತಂಡಗಳು ಊರಿಂದ ಊರಿಗೆ ಸಾಗೋ ಹಾಗೆ ಬ್ಯಾಕ್‌ಪ್ಯಾಕರ್‌ಗಳೂ ಸಾಗ್ತಾರೆ. ಬೋವೆನ್ ಅನ್ನೋ ಊರಲ್ಲಿ ಟೊಮೆಟೊ, ದೊಣ್ಣೆಮೆಣಸು, ಹೆಚ್ಚುಕಮ್ಮಿ ಮೇ ಇಂದ ನವೆಂಬರ್. ಮಾವು ಸೆಪ್ಟೆಂಬರಿನಲ್ಲಿ ಡಾರ್ವಿನ್ ಕಡೆ ಶುರುವಾಗಿ, ಕ್ಯಾಥರೀನ್, ಆಮೇಲೆ ಬೋವೆನ್, ಕೊನೆಗೆ ಡಿಸೆಂಬರ್ ಹೊತ್ತಿಗೆ ಕೇರ್ನ್ಸ್ ಮೇಲಿನ ಮರೀಬಾ ಘಟ್ಟಕ್ಕೆ ಬರುತ್ತೆ. ಬಾಳೆ ವರ್ಷವಿಡೀ. ಮಾವಿನ ಹಿಂದೆ ಹೋದವರು ಡಿಸೆಂಬರಿನಲ್ಲಿ ಎಲ್ಲಿರ್ತಾರೆ ಅಂತ ಕೇಳದೆಯೇ ಹೇಳಬಹುದು. ತೈವಾನಿನ ಹುಡುಗಿ ಹಾಗೇ ಬಂದಳು, ಡಾರ್ವಿನ್‌ನಿಂದ ಮರೀಬಾಕ್ಕೆ. ಮೆಲ್ಬರ್ನಿನವನು ವಿಮಾನದಲ್ಲಿ ಬಂದ. ನಾನು ಟಲ್ಲಿಯಿಂದ ಬಸ್ಸಲ್ಲಿ, 140 ಕಿಲೋಮೀಟರ್. ಮೂವರಿಗೂ ಕೇರ್ನ್ಸ್ ಸರಿಹೋಯ್ತು.

ತೋಟದಲ್ಲೇ ಬಂದು ಭೇಟಿಯಾಗಬಾರದಾ ಅಂತ ಒಬ್ಬರು ಕೇಳಿದ್ದಾರೆ. ಬಾಳೆತೋಟಕ್ಕಂತೂ ಆಗಲ್ಲ. 2015ರ ಮಾರ್ಚಿನಲ್ಲಿ ಟಲ್ಲಿ ಕಣಿವೆಯಲ್ಲಿ ಪನಾಮಾ ರೋಗದ ನಾಲ್ಕನೇ ತಳಿ ಪತ್ತೆಯಾಯ್ತು. ನಮ್ಮಲ್ಲೂ ಬಾಳೆಯವರಿಗೆ ಪನಾಮಾ ಸೊರಗು ಅಂದರೆ ಗೊತ್ತು, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯೋ ಶಿಲೀಂಧ್ರ ಅದು. ಶೂಗೆ ಅಂಟಿದ ಮಣ್ಣು ಸಾಕು ಹರಡೋಕೆ. ಅಲ್ಲಿಂದ ತೋಟದ ಬಾಗಿಲಲ್ಲಿ ಬೂಟು ತೊಳೆಯೋದು, ಗಾಡಿ ಹೊರಗೇ ನಿಲ್ಲಿಸೋದು, ಹೊರಗಿನವರನ್ನ ಬಿಡದಿರೋದು ಕಟ್ಟುನಿಟ್ಟು. ಗೆಳೆಯ ಪ್ರೀತಿಯಿಂದ ಬೇರೆ ತೋಟದ ಬೂಟು ಹಾಕ್ಕೊಂಡು ಒಳಗೆ ಬಂದರೆ ಮಾಲೀಕನ ತೋಟಕ್ಕೇ ಕುತ್ತು, ನಿಮ್ಮ ಕೆಲಸಕ್ಕೂ.

ಕೇರ್ನ್ಸ್‌ನಲ್ಲಿ ಖರ್ಚಿಲ್ಲದೆ ದಿನ ಕಳೆಯೋಕೆ ಸಮುದ್ರದಂಡೆಯ ಲಗೂನ್ ಇದೆ, ಸಾರ್ವಜನಿಕ ಈಜುಕೊಳ, ಪುಕ್ಕಟೆ. ಸಮುದ್ರದಲ್ಲಿ ಮೊಸಳೆ ಇರೋದ್ರಿಂದ ಕೊಳ ಕಟ್ಟಿದ್ದಾರೆ. ಪಕ್ಕದಲ್ಲಿ ವಿದ್ಯುತ್ ಒಲೆಗಳು, ಅದೂ ಪುಕ್ಕಟೆ. ನಾವು ಅಲ್ಲಿ ದೋಸೆ ಹುಯ್ದಿದ್ವಿ. ಸರಿಯಾಗಿ ಏಳಲಿಲ್ಲ, ಆದರೂ ತೈವಾನಿನವಳು ನಾಲ್ಕು ತಿಂದಳು.

ಆ ಮೂರು ದಿನ ಬರೀ ಮಜಾ ಆಗಿರಲಿಲ್ಲ, ಅದಕ್ಕೇ ಈ ಕಂತು ಮಾಡ್ತಿದ್ದೀನಿ. ಎರಡನೇ ದಿನ ಅವಳು ಲ್ಯಾಪ್‌ಟಾಪ್ ತೆಗೆದು ತನ್ನ ಸಂಬಳದ ಚೀಟಿಗಳನ್ನ ತೋರಿಸಿದಳು. ಒಬ್ಬ ಕಂಟ್ರಾಕ್ಟರ್, ಹೆಸರು ಬೇಡ, ಮೂರು ವಾರದ್ದು ಚೀಟಿಯೇ ಕೊಟ್ಟಿರಲಿಲ್ಲ. ದುಡ್ಡು ಕೈಗೆ ಕೊಟ್ಟಿದ್ದ. ದುಡ್ಡು ಬಂತಲ್ಲ ಅಂತ ಸುಮ್ಮನಿದ್ದಳು. ಆದರೆ ಎರಡನೇ ವೀಸಾಕ್ಕೆ ಅರ್ಜಿ ಹಾಕುವಾಗ ಕೇಳೋದು ಪುರಾವೆ. ಚೀಟಿ ಇಲ್ಲ ಅಂದರೆ ಆ ಮೂರು ವಾರ ಇಲ್ಲ. ಅಲ್ಲಿನ ಕಾನೂನು ಪ್ರಕಾರ ಸಂಬಳ ಕೊಟ್ಟ ಒಂದು ಕೆಲಸದ ದಿನದೊಳಗೆ ಚೀಟಿ ಕೊಡಲೇಬೇಕು, ಅದರಲ್ಲಿ ಮಾಲೀಕನ ಎಬಿಎನ್ ಅನ್ನೋ ವ್ಯವಹಾರ ಸಂಖ್ಯೆ ಇರಬೇಕು. ನಮ್ಮ ಜಿಎಸ್‌ಟಿ ನಂಬರ್ ಇದ್ದ ಹಾಗೆ ಅಂದ್ಕೊಳ್ಳಿ. ನಾವು ಕೂತು ಅವಳ ಹಳೇ ಮೆಸೇಜು, ಹಾಸ್ಟೆಲ್ ರಸೀದಿ, ಗ್ರೂಪಿನ ಫೋಟೊಗಳ ದಿನಾಂಕ ಎಲ್ಲ ಜೋಡಿಸಿದ್ವಿ. ಅದನ್ನಿಟ್ಟುಕೊಂಡು ಕಂಟ್ರಾಕ್ಟರಿಗೆ ಬರೆದಳು, ಫೇರ್ ವರ್ಕ್ ಒಂಬುಡ್ಸ್‌ಮನ್ ಕಚೇರಿಯ ಹೆಸರನ್ನೂ ಪತ್ರದಲ್ಲಿ ಸೇರಿಸಿದಳು. ಎರಡು ವಾರದಲ್ಲಿ ಚೀಟಿ ಬಂತು. ಒಟ್ಟಿಗೆ ದುಡಿದವರು ಮಾತ್ರ ಇಂಥದ್ದಕ್ಕೆ ಸಾಕ್ಷಿ. ಹೊಸ ಊರಿನ ಹೊಸ ಗೆಳೆಯರಿಗೆ ನೀವು ಆ ದಿನ ಎಲ್ಲಿದ್ರಿ ಅಂತ ಗೊತ್ತಿರಲ್ಲ.

ಹಣ್ಣಿನ ತೂಕದ ಮೇಲೆ ಕೂಲಿ ಕೊಡೋ ಕಡೆ ದುಡಿದವರೂ ಸೇರಿದಾಗ ಲೆಕ್ಕ ಹೋಲಿಸಿ ನೋಡಿ. 2022ರ ಏಪ್ರಿಲ್ 28ರಿಂದ ತೋಟಗಾರಿಕೆಯಲ್ಲಿ ತೂಕದ ಕೂಲಿಯವರಿಗೂ ಗಂಟೆಯ ಕನಿಷ್ಠ ವೇತನದ ಖಾತ್ರಿ ಇದೆ. ಒಬ್ಬರೇ ಇದ್ದರೆ "ನಾನೇ ನಿಧಾನ" ಅನ್ನಿಸುತ್ತೆ. ಮೂವರು ಕೂತು ಚೀಟಿ ಇಟ್ಟು ನೋಡಿದಾಗ ನಿಧಾನ ಯಾರು, ಮೋಸ ಎಲ್ಲಿ ಅಂತ ಗೊತ್ತಾಗುತ್ತೆ.

ಉಳಿಯೋ ಜಾಗದ ಬಗ್ಗೆ ಒಂದು ಮಾತು. ಬ್ರಿಸ್ಬೇನಿನಿಂದ ಉತ್ತರಕ್ಕೆ ಚಿಲ್ಡರ್ಸ್ ಅನ್ನೋ ಪುಟ್ಟ ಊರಿದೆ. 2000ನೇ ಇಸವಿ ಜೂನ್ 23ರ ನಸುಕಿನಲ್ಲಿ ಅಲ್ಲಿನ ಪ್ಯಾಲೇಸ್ ಬ್ಯಾಕ್‌ಪ್ಯಾಕರ್ಸ್ ಹಾಸ್ಟೆಲ್‌ಗೆ ಒಬ್ಬ ಬೆಂಕಿ ಹಚ್ಚಿದ. 15 ಜನ ಸತ್ತರು, ಹಣ್ಣು ತರಕಾರಿ ಕೊಯ್ಯೋಕೆ ಬಂದಿದ್ದ ಹುಡುಗ ಹುಡುಗಿಯರು. ಹೊಗೆ ಎಚ್ಚರಿಕೆ ವ್ಯವಸ್ಥೆ ಕೆಲಸ ಮಾಡ್ತಿರಲಿಲ್ಲ. ಆಮೇಲೆ ಕ್ವೀನ್ಸ್‌ಲೆಂಡ್ ಅಗ್ಗದ ವಸತಿಗಳ ಅಗ್ನಿ ಸುರಕ್ಷತೆ ಕಾನೂನು ಬಿಗಿ ಮಾಡಿತು. ಆ ಕಟ್ಟಡ ಈಗ ಸ್ಮಾರಕ ಮತ್ತು ಕಲಾ ಗ್ಯಾಲರಿ. ಹತ್ತು ಜನ ಸೇರಿ ಒಂದು ಅಗ್ಗದ ಮನೆ ಹಿಡಿದು ರೀಯೂನಿಯನ್ ಮಾಡೋಣ ಅನ್ನೋ ಐಡಿಯಾ ಬಂದಾಗ ಮೇಲೆ ಚಾವಣಿ ನೋಡಿ, ಅಲಾರಂ ಇದೆಯಾ, ಅದರ ಬಟನ್ ಒತ್ತಿದರೆ ಕೂಗುತ್ತಾ ಅಂತ. ಕಿಟಕಿ ತೆರೆಯುತ್ತಾ ನೋಡಿ.

ಕಾರು. ಎಲ್ಲರೂ ಸೇರಿ ಹಳೇ ವ್ಯಾನ್ ತಗೊಂಡು ಸುತ್ತೋದು ಅಲ್ಲಿನ ರೂಢಿ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಊರಲ್ಲೇ, ಆರ್‌ಟಿಒದಲ್ಲಿ ಮಾಡಿಸಿಕೊಳ್ಳಿ, 1,000 ರೂಪಾಯಿ, ಒಂದು ವರ್ಷ ಮಾನ್ಯ. ಮುಖ್ಯ ಸಂಗತಿ: ಗಾಡಿ ನೋಂದಣಿ ಜೊತೆ ಬರೋ ಕಡ್ಡಾಯ ವಿಮೆ ಮನುಷ್ಯರ ಗಾಯಕ್ಕೆ ಮಾತ್ರ. ನಿಮ್ಮ ಗೆಳೆಯ ನಿಮ್ಮ ವ್ಯಾನನ್ನ ಯಾರದೋ ಹೊಸ ಕಾರಿಗೆ ಗುದ್ದಿದರೆ ಆ ಕಾರಿನ ರಿಪೇರಿ ನಿಮ್ಮ ತಲೆಗೆ. ಆಸ್ತಿ ಹಾನಿಯ ವಿಮೆ ಬೇರೆ ಮಾಡಿಸಬೇಕು. ರಾತ್ರಿ ಓಡಿಸಬೇಡಿ, ಕಾಂಗರೂ ಅಡ್ಡ ಬರುತ್ತೆ. ಲಕ್ಕವಳ್ಳಿ ರಸ್ತೆಯಲ್ಲಿ ಸಂಜೆ ಮೇಲೆ ಬೈಕ್ ಓಡಿಸಿದವರಿಗೆ ಇದನ್ನ ವಿವರಿಸೋದೇ ಬೇಡ.

ದೂರ, ಸಮಯ ಎರಡೂ ಮೋಸ ಮಾಡುತ್ತೆ. ಬ್ರಿಸ್ಬೇನ್-ಕೇರ್ನ್ಸ್ ಒಂದೇ ರಾಜ್ಯ, ಆದರೂ ರೈಲಿನಲ್ಲಿ ಸುಮಾರು 1,680 ಕಿಲೋಮೀಟರ್, ಒಂದು ಹಗಲು ಒಂದು ರಾತ್ರಿ. ಬೇಸಿಗೆಯಲ್ಲಿ ಮೆಲ್ಬರ್ನ್ ಗಡಿಯಾರ ಒಂದು ಗಂಟೆ ಮುಂದಿಡ್ತಾರೆ, ಕ್ವೀನ್ಸ್‌ಲೆಂಡ್ ಇಡಲ್ಲ, ಡಾರ್ವಿನ್ ಅರ್ಧ ಗಂಟೆ ಹಿಂದೆ. ಮೂವರು ಕಾಲ್ ಮಾಡಬೇಕಂದ್ರೆ ಮೂರು ಸಮಯ, ಭದ್ರಾವತಿಯಲ್ಲಿರೋ ಅಮ್ಮ ಸೇರಿದರೆ ನಾಲ್ಕು. ಮಳೆಗಾಲ ಅಲ್ಲಿ ನವೆಂಬರಿನಿಂದ ಏಪ್ರಿಲ್. 2025ರ ಫೆಬ್ರವರಿ ಮೊದಲ ವಾರದ ನೆರೆಯಲ್ಲಿ ಬ್ರೂಸ್ ಹೆದ್ದಾರಿಯ ಸೇತುವೆಯೇ ಕುಸಿದು ಟೌನ್ಸ್‌ವಿಲ್ ಮತ್ತು ಇಂಗಮ್ ನಡುವೆ ದಾರಿ ಕಡಿದಿತ್ತು. ಜನವರಿ-ಫೆಬ್ರವರಿಯಲ್ಲಿ ಉತ್ತರಕ್ಕೆ ಭೇಟಿ ಇಟ್ಟುಕೊಂಡರೆ ವಾಪಸ್ ಬರೋ ದಿನವನ್ನ ಸಡಿಲ ಇಡಿ.

ಆಸ್ಟ್ರೇಲಿಯಾ ಬಿಟ್ಟು ಬಾಲಿಯಲ್ಲಿ ಸೇರೋಣ ಅಂತಾರೆ ಕೆಲವರು. ಹೋಗಬಹುದು, ವೀಸಾ ಎಷ್ಟು ಸಲ ಬೇಕಾದರೂ ಒಳಗೆ ಬಿಡುತ್ತೆ. ಆದರೆ 12 ತಿಂಗಳ ಗಡಿಯಾರ ಮೊದಲ ಸಲ ಕಾಲಿಟ್ಟ ದಿನದಿಂದ ಓಡ್ತಾನೇ ಇರುತ್ತೆ. ಬಾಲಿಯಲ್ಲಿ ಕಳೆದ ಹತ್ತು ದಿನ ಯಾರೂ ವಾಪಸ್ ಕೊಡಲ್ಲ.

ವರ್ಷ ಮುಗಿದು ಊರಿಗೆ ಬಂದ ಮೇಲಿನ ಭೇಟಿ ಇನ್ನೊಂದು ಕಥೆ. ಇಲ್ಲಿ ಪಾಸ್‌ಪೋರ್ಟ್ ಮಾತಾಡುತ್ತೆ. ಲೀಡ್ಸ್‌ನವನಿಗೆ ಜಗತ್ತು ತೆರೆದಿದೆ, ನನಗೆ ಇಂಗ್ಲೆಂಡಿಗೆ ಹೋಗೋಕೆ ವಿಸಿಟರ್ ವೀಸಾ, ಬ್ಯಾಂಕ್ ಸ್ಟೇಟ್‌ಮೆಂಟ್, ವಾಪಸ್ ಬರ್ತೀನಿ ಅನ್ನೋಕೆ ಪುರಾವೆ. ಬ್ರಿಟನ್ ಕೂಡ 2023ರಿಂದ ಭಾರತದ ಪದವೀಧರರಿಗೆ ಯಂಗ್ ಪ್ರೊಫೆಷನಲ್ಸ್ ಸ್ಕೀಮ್ ಇಟ್ಟಿದೆ, ಎರಡು ವರ್ಷ, ವರ್ಷಕ್ಕೆ 3,000 ಜಾಗ, ಮತ್ತೆ ಅದೇ ಲಾಟರಿ. ಬ್ಯಾಲಟ್‌ಗೆ ಶುಲ್ಕ ಇಲ್ಲ, ಹಾಗಾಗಿ ಹೆಸರು ಹಾಕೋದ್ರಲ್ಲಿ ನಷ್ಟ ಇಲ್ಲ. ಸುಲಭದ ದಾರಿ ನೇಪಾಳ. ನಮಗೆ ವೀಸಾ ಬೇಡ, ಬಹುತೇಕ ದೇಶದವರಿಗೆ ಕಠ್ಮಂಡುವಿನಲ್ಲಿ ಇಳಿದ ಮೇಲೆ ವೀಸಾ ಸಿಗುತ್ತೆ. ಪೊಖರಾದ ಹಾಸ್ಟೆಲ್ ದರ ಕೇರ್ನ್ಸ್ ನೋಡಿ ಬಂದವರಿಗೆ ತಮಾಷೆ ಅನ್ನಿಸುತ್ತೆ.

ಅಥವಾ ಅವರನ್ನೇ ಇಲ್ಲಿಗೆ ಕರೀರಿ. ಬರೋ ಡಿಸೆಂಬರಿನಲ್ಲಿ ನಮ್ಮನೆಗೆ ಇಬ್ಬರೂ ಬರ್ತಿದ್ದಾರೆ, ಅದಕ್ಕೆ ಓದಿಕೊಂಡದ್ದನ್ನ ಹೇಳ್ತೀನಿ. ಅವರು ತಗೊಳ್ಳೋದು ಇ-ಟೂರಿಸ್ಟ್ ವೀಸಾ. ಬೆಂಗಳೂರಿನಿಂದ ರೈಲು ಭದ್ರಾವತಿಯಲ್ಲೇ ನಿಲ್ಲುತ್ತೆ, 2023ರಿಂದ ಶಿವಮೊಗ್ಗಕ್ಕೆ ವಿಮಾನವೂ ಇದೆ. ಆದರೆ ವಿದೇಶಿಯರನ್ನ ಮನೆಯಲ್ಲಿ ಉಳಿಸಿಕೊಂಡರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಹಿಂದಿನಿಂದ ಸಿ ಫಾರ್ಮ್ ಅಂತ ಕರೀತಾ ಬಂದದ್ದು ಇದನ್ನೇ. ಲಾಡ್ಜಿಗೆ ಮಾತ್ರ ಅಂತ ಜನ ಅಂದ್ಕೊಂಡಿದ್ದಾರೆ, ಮನೆಗೂ ಅನ್ವಯಿಸುತ್ತೆ. 2025ರ ಸೆಪ್ಟೆಂಬರ್ 1ರಿಂದ ಜಾರಿಯಾದ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲೂ ಈ ಹೊಣೆ ಮನೆಯವರದ್ದೇ. ಅಪ್ಪನಿಗೆ ಇದನ್ನ ಹೇಳಿದಾಗ "ನಮ್ಮನೆಗೆ ನೆಂಟರು ಬಂದರೆ ಪೊಲೀಸರಿಗೆ ಯಾಕೆ" ಅಂದ್ರು. ಅವರು ಹೇಳೋದ್ರಲ್ಲಿ ನ್ಯಾಯ ಇದೆ, ಆದರೂ ಫಾರ್ಮ್ ತುಂಬೋದು ತುಂಬಲೇಬೇಕು.

ಇನ್ನೊಂದು, ಇದು ತೋಟ ಇರೋರಿಗೆ. ಡಿಸೆಂಬರ್ ಅಂದರೆ ನಮ್ಮ ಕಡೆ ಅಡಿಕೆ ಕೊಯ್ಲು. ಟಲ್ಲಿಯಲ್ಲಿ ಒಟ್ಟಿಗೆ ಗೊನೆ ಹೊತ್ತವರು, ಇಲ್ಲೂ ಕೈ ಹಾಕ್ತೀವಿ ಅಂತಾರೆ. ಒಂದು ಗೊನೆ ಇಳಿಸಿ ಫೋಟೊ ತೆಗೆಸಿಕೊಳ್ಳೋದು ಬೇರೆ. ಊಟ-ವಸತಿ ಕೊಟ್ಟು ವಾರಗಟ್ಟಲೆ ಸುಲಿಯೋಕೆ ಕೂರಿಸೋದು ಬೇರೆ. ಪ್ರವಾಸಿ ವೀಸಾದಲ್ಲಿ ದುಡಿಮೆಗೆ ಅವಕಾಶ ಇಲ್ಲ, ಸಂಬಳ ಕೊಡದಿದ್ದರೂ ತೊಂದರೆಗೆ ಸಿಕ್ಕಿಕೊಳ್ಳೋದು ಅವರೇ.

ನನ್ನದು 88 ದಿನ ಮುಗಿದಿದೆ. ಎರಡನೇ ವೀಸಾಕ್ಕೆ ಲಾಟರಿ ಇಲ್ಲ, ಆದರೆ 31 ತುಂಬೋದ್ರೊಳಗೆ ಅರ್ಜಿ ಹಾಕಬೇಕು. ತೈವಾನಿನವಳಿಗೆ ಎರಡನೇ ವರ್ಷ ಸಿಕ್ಕಿದೆ, ಡಾರ್ವಿನ್ ಮಾವಿಗೆ ಮತ್ತೆ ಹೋಗ್ತೀನಿ ಅಂತಾಳೆ. ಇಲ್ಲಿ ಎಂಪಿಎಂ ಯಂತ್ರ ನಿಂತು ವರ್ಷಗಳಾಯ್ತು, ವಿಐಎಸ್‌ಎಲ್ ಏನಾಗುತ್ತೆ ಅಂತ ಭದ್ರಾವತಿ ಇನ್ನೂ ಕಾಯ್ತಿದೆ, ಅಪ್ಪನ ವಯಸ್ಸು ಅರವತ್ತು ದಾಟಿದೆ. ನಾನಿನ್ನೂ ಅರ್ಜಿ ತೆರೆದಿಲ್ಲ. ಡಿಸೆಂಬರಿನಲ್ಲಿ ಅವರಿಬ್ಬರು ಬಂದಾಗ ಭದ್ರಾ ಡ್ಯಾಮ್ ಹತ್ತಿರ ಕೂತು ಮಾತಾಡೋಣ ಅಂತ ಇದೆ.

ಮುಂದಿನ ಕಂತಲ್ಲಿ ಅಲ್ಲಿನ ಸೂಪರ್‌ಆನ್ಯುಯೇಶನ್, ಅಂದರೆ ಅವರ ಪಿಎಫ್. ಮಾಲೀಕ ಶೇ 12 ಕಟ್ಟುತ್ತಾನೆ, ದೇಶ ಬಿಟ್ಟ ಮೇಲೆ ವಾಪಸ್ ಕೇಳಿದರೆ ನಮ್ಮ ವರ್ಗದ ವೀಸಾದವರಿಗೆ ಅದರಲ್ಲಿ ಶೇ 65 ತೆರಿಗೆ. ಹೌದು, ಅರವತ್ತೈದು. ಚೀಟಿಗಳನ್ನ ಜೋಪಾನವಾಗಿ ಇಟ್ಟುಕೊಳ್ಳಿ, ಪ್ರಶ್ನೆ ಇದ್ದರೆ ಕಳಿಸಿ.